ಬಂದರಿನ ಹಳೆಯ ಛಾಯಾಚಿತ್ರಗಳು ಮತ್ತು ಅಡಿಬರಹದ ಹೊಣೆ

(ಮೈಲಾಪುರದಲ್ಲಿ ಏರ್ಪಡಿಸಿದ್ದ ಹಳೆಯ ಛಾಯಾಚಿತ್ರಗಳ ಪ್ರದರ್ಶನದ ಸಮಾರೋಪದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮೂರು ದಿನಗಳಿಂದ ಈ ಸಭಾಂಗಣದ ಗೋಡೆಗಳ ಮೇಲಿರುವ ಛಾಯಾಚಿತ್ರಗಳೆಲ್ಲವೂ ನಿಮ್ಮ ಮನೆಗಳಿಂದಲೇ ಬಂದವು. ಟ್ರಂಕಿನ ತಳದಿಂದ, ದೇವರ ಕೋಣೆಯ ಗೋಡೆಯಿಂದ, ಗತಿಸಿದ ಹಿರಿಯರ ಡೈರಿಯ ಪುಟಗಳ ನಡುವಿನಿಂದ ಅವುಗಳನ್ನು ತೆಗೆದು ನಂಬಿಕೆಯಿಂದ ಸಂಘದ ಕೈಗಿತ್ತಿರಿ. ಪ್ರತಿಯೊಂದು ಚಿತ್ರದ ಕೆಳಗೂ ಎರಡು ಸಾಲಿನ ಅಡಿಬರಹ ಬರೆಯುವ ಕೆಲಸವನ್ನು ಕಾರ್ಯಕಾರಿ ಸಮಿತಿ ನನಗೆ ವಹಿಸಿತು. ಮೂರು ದಶಕಗಳ ಕಾಲ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕಡತಗಳ ಮೇಲೆ ಟಿಪ್ಪಣಿ ಬರೆದವನಿಗೆ ಎರಡು ಸಾಲು ಬರೆಯುವುದು ಎಷ್ಟರ ಕೆಲಸ ಎಂದು ಸಮಿತಿ ಯೋಚಿಸಿರಬೇಕು. ನಾನೂ ಹಾಗೆಯೇ ಯೋಚಿಸಿ ಒಪ್ಪಿಕೊಂಡೆ. ಚಿತ್ರದ ಮೇಲೆ ಬರೆದ ಒಂದು ಸಾಲು ಒಬ್ಬ ಮನುಷ್ಯನ ಮೇಲೆ ಐವತ್ತು ವರ್ಷಗಳ ಅಪವಾದವನ್ನು ಹೊರಿಸಬಲ್ಲದು ಎಂಬುದನ್ನು ಈ ಕೆಲಸ ಮಾಡುತ್ತಾ ಕಲಿತೆ. ಇಂದಿನ ನನ್ನ ಮಾತು ಅದನ್ನು ಕುರಿತದ್ದು.

ಮದುವೆಯ ಚಿತ್ರಗಳು, ಶಾಲೆಯ ಚಿತ್ರಗಳು ಅಷ್ಟಾಗಿ ತೊಡಕು ಕೊಡಲಿಲ್ಲ. ಗುರುತಿಸುವವರು ಯಾರಾದರೊಬ್ಬರು ಇನ್ನೂ ಇದ್ದಾರೆ. ತೊಡಕು ಕೊಟ್ಟವು ಬಂದರಿನ ಏಳು ಚಿತ್ರಗಳು. ಏಳರಲ್ಲೂ ಉತ್ಸವದ ದಿನ; ಹಡಗುಗಳ ಮೇಲೆ ತುದಿಯಿಂದ ತುದಿಗೆ ಬಾವುಟಗಳ ಸಾಲು; ಧಕ್ಕೆಯ ಮೇಲೆ ಜನಜಂಗುಳಿ. ಕನ್ನಡಿಗರ ಮನೆಗಳಲ್ಲಿ ಮದರಾಸು ಬಂದರಿನ ಚಿತ್ರಗಳೇಕೆ ಎಂದು ಹೊಸ ತಲೆಮಾರಿನವರು ಕೇಳಬಹುದು. ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿತ್ತು ಎಂಬುದನ್ನು ನಾವು ಮರೆಯುತ್ತಿದ್ದೇವೆ. ಬಳ್ಳಾರಿ 1953ರವರೆಗೆ ಇಲ್ಲಿನದೇ ಆಗಿತ್ತು. ಮಂಗಳೂರಿನ, ಉಡುಪಿಯ, ಕಾಸರಗೋಡಿನ ಜನರಿಗೆ ರಾಜಧಾನಿ ಎಂದರೆ ಈ ಊರು. 1907ರಲ್ಲಿ ರೈಲು ಮಂಗಳೂರನ್ನು ಮುಟ್ಟಿದ ಮೇಲಂತೂ ಓದಲು ಬಂದವರು, ಗುಮಾಸ್ತರಾಗಿ ಬಂದವರು, ಹೋಟೆಲು ತೆರೆಯಲು ಬಂದವರು ಹೆಚ್ಚಾದರು. ಕರಾವಳಿಯ ಕೆಲವರು ಇಲ್ಲಿನ ಬಂದರಿನಲ್ಲೇ ಕೆಲಸ ಹಿಡಿದರು. ಊರಿಗೆ ಕಳುಹಿಸಲು ಅವರ ಬಳಿ ಇದ್ದದ್ದು ಮನಿಯಾರ್ಡರು ಮತ್ತು ಆಗೊಮ್ಮೆ ಈಗೊಮ್ಮೆ ಒಂದು ಚಿತ್ರ.

ಮೊದಲನೆಯ ಚಿತ್ರದ ಕಥೆಯಿಂದ ಆರಂಭಿಸುತ್ತೇನೆ. ಲಸ್ ಪ್ರದೇಶದ ನಮ್ಮ ಹಿರಿಯ ಸದಸ್ಯರೊಬ್ಬರ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಇರುವ ಚಿತ್ರ ಅದು. ಮೂರು ಕೂವೆಮರಗಳ ಒಂದು ದೊಡ್ಡ ಹಡಗು, ನಡುವೆ ಹೊಗೆಕೊಳವೆ, ಮೇಲೆಲ್ಲ ಬಾವುಟಗಳು. ‘ಇಂಗ್ಲೆಂಡಿನ ಯುವರಾಜ ಬಂದ ಹಡಗು, 1875’ ಎಂಬುದು ಮನೆತನದ ಮಾತು. ಅವರ ಮುತ್ತಜ್ಜ ಅಂದು ಸಮುದ್ರ ತೀರದಲ್ಲಿ ನಿಂತು ಯುವರಾಜನನ್ನು ನೋಡಿದರಂತೆ. ನೋಡಿರಬಹುದು. 1875ರ ಡಿಸೆಂಬರಿನಲ್ಲಿ ಯುವರಾಜ ಎಡ್ವರ್ಡ್ ಮದರಾಸಿಗೆ ಬಂದದ್ದು ನಿಜ. ಆದರೆ ಆತ ಬಂದದ್ದು ದಕ್ಷಿಣದಿಂದ ರೈಲಿನಲ್ಲಿ. ಇಲ್ಲಿಂದ ಕಲ್ಕತ್ತೆಗೆ ಹೊರಟದ್ದು ‘ಸೆರಾಪಿಸ್’ ಎಂಬ ಹಡಗಿನಲ್ಲಿ. 1866ರಲ್ಲಿ ನೀರಿಗಿಳಿದ ಈ ಹಡಗು ಭಾರತಕ್ಕೆ ಸೈನಿಕರನ್ನು ಸಾಗಿಸಲೆಂದು ಕಟ್ಟಿದ ಐದು ಹಡಗುಗಳಲ್ಲಿ ಒಂದು. ಹಾಯಿಯೂ ಇತ್ತು, ಉಗಿಯಂತ್ರವೂ ಇತ್ತು. ಐದೂ ಬಿಳಿಯ ಬಣ್ಣದವು. ದೂರದಿಂದ ಒಂದನ್ನೊಂದು ಬೇರೆ ಮಾಡಲು ಒಡಲಿನ ಸುತ್ತ ಒಂದೊಂದಕ್ಕೆ ಒಂದೊಂದು ಬಣ್ಣದ ಪಟ್ಟಿ ಬಳಿದಿದ್ದರು. ಅಂದಿನ ಜನ ಪಟ್ಟಿ ನೋಡಿ ಹೆಸರು ಹೇಳುತ್ತಿದ್ದರು. ಕಪ್ಪು ಬಿಳುಪಿನ ಚಿತ್ರದಲ್ಲಿ ಮೊಟ್ಟಮೊದಲು ಕಳೆದುಹೋಗುವುದೇ ಆ ಗುರುತು. ಅಂದಿನ ಗಾಜಿನ ಫಲಕಗಳಿಗೆ ಕೆಂಪು ಬಣ್ಣ ತಾಗುತ್ತಲೇ ಇರಲಿಲ್ಲ. ಕೆಂಪು ಕಪ್ಪಾಗಿ ಮೂಡುತ್ತಿತ್ತು, ನೀಲಿ ಬಿಳಿಚಿಕೊಳ್ಳುತ್ತಿತ್ತು. ಆದ್ದರಿಂದ ಹಳೆಯ ಚಿತ್ರದಲ್ಲಿ ಬಾವುಟದ ಬಣ್ಣವನ್ನು ಊಹಿಸಿ ದೇಶ ಹೇಳುವವರು ಎಚ್ಚರ ವಹಿಸಬೇಕು.

ಹಾಗಾದರೆ ಈ ಚಿತ್ರದ ಹಡಗು ‘ಸೆರಾಪಿಸ್’ ಆಗಿರಬಹುದೇ? ಹಡಗನ್ನೇ ದಿಟ್ಟಿಸುತ್ತಿದ್ದಾಗ ನನಗೆ ಉತ್ತರ ಹೊಳೆಯಲಿಲ್ಲ. ಹಡಗಿನ ಸುತ್ತ ನೋಡಿದಾಗ ಹೊಳೆಯಿತು. ನೀರು ಕೆರೆಯಂತೆ ನಿಶ್ಚಲವಾಗಿದೆ. ಹಿಂದೆ ಉದ್ದಕ್ಕೂ ಕಲ್ಲಿನ ಗೋಡೆ. 1875ರಲ್ಲಿ ಮದರಾಸಿಗೆ ಬಂದರೇ ಇರಲಿಲ್ಲ. ಹಡಗುಗಳು ತೆರೆದ ಕಡಲಿನಲ್ಲಿ ದೂರ ಲಂಗರು ಹಾಕುತ್ತಿದ್ದವು. ಜನರೂ ಸರಕೂ ಮೊಳೆ ಬಳಸದೆ ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದ ಮಸೂಲ ದೋಣಿಗಳಲ್ಲಿ ಅಲೆಗಳನ್ನು ಸೀಳಿಕೊಂಡು ದಡಕ್ಕೆ ಬರಬೇಕಾಗಿತ್ತು. 1861ರ ಹೊತ್ತಿಗೆ ಕಬ್ಬಿಣದ ಕಂಬಗಳ ಮೇಲೆ ಕಟ್ಟಿದ ಕಿರುಸೇತುವೆಯೊಂದೇ ಇದ್ದ ಆಸರೆ. ಅಲೆಗಳನ್ನು ತಡೆಯುವ ಗೋಡೆಗಳಿಗೆ ಮೊದಲ ಕಲ್ಲನ್ನು ಇಟ್ಟದ್ದು ಇದೇ ಯುವರಾಜ, 1875ರ ಡಿಸೆಂಬರ್ 15ರಂದು. ಹಾಗೆ ಆರಂಭವಾದ ಗೋಡೆಗಳನ್ನು 1881ರ ನವೆಂಬರಿನ ಚಂಡಮಾರುತ ಒಡೆದುಹಾಕಿತು. ಮತ್ತೆ ಕಟ್ಟಿ ಮುಗಿಸುವಷ್ಟರಲ್ಲಿ 1890ರ ದಶಕ ಬಹುಪಾಲು ಕಳೆದಿತ್ತು. ಅಡಿಗಲ್ಲು ಇಟ್ಟವನ ಹಡಗು, ಆ ಅಡಿಗಲ್ಲಿನ ಮೇಲೆ ಮುಂದೆ ಎದ್ದ ಗೋಡೆಯ ಒಳಗೆ ಅಂದೇ ನಿಂತಿರುವುದು ಸಾಧ್ಯವಿಲ್ಲ.

ನಾನು ಅಡಿಬರಹವನ್ನು ‘ಮದರಾಸು ಬಂದರಿನಲ್ಲಿ ಉತ್ಸವದ ದಿನ ಬಾವುಟ ಕಟ್ಟಿದ ಹಡಗು, 1890ರ ದಶಕ ಅಥವಾ ಅನಂತರ’ ಎಂದು ತಿದ್ದಿದೆ. ಹಿರಿಯರಿಗೆ ಬೇಸರವಾಯಿತು. ಅದು ಸಹಜ. ಹೊರನಾಡಿನಲ್ಲಿ ನೆಲೆಸಿದ ನಮ್ಮಂಥವರಿಗೆ ಈ ನೆಲದ ಚರಿತ್ರೆಯಲ್ಲಿ ನಮ್ಮದೂ ಒಂದು ಪಾಲಿದೆ ಎಂದು ತೋರಿಸಿಕೊಳ್ಳುವ ಆಸೆ ಸ್ವಲ್ಪ ಹೆಚ್ಚು. ಆ ಪಾಲಿಗೆ ರಾಜಕುಮಾರನ ಸಾಕ್ಷಿಯೇ ಬೇಕೆಂದು ನಾವು ಹಟ ಹಿಡಿಯುತ್ತೇವೆ. ಮುತ್ತಜ್ಜ ತೀರದಲ್ಲಿ ನಿಂತದ್ದು ಸುಳ್ಳಾಗಲಿಲ್ಲ, ಈ ಚಿತ್ರ ಆ ದಿನದ್ದಲ್ಲ ಎಂದಷ್ಟೇ ತಿಳಿಯಿತು ಎಂದು ಅವರಿಗೆ ವಿನಯದಿಂದ ಹೇಳಿದೆ. ಎರಡನೆಯ ದಿನ ಅವರೇ ಮೊಮ್ಮಗನಿಗೆ ಆ ಗೋಡೆಯನ್ನು ಬೆರಳಿಟ್ಟು ತೋರಿಸುತ್ತಿದ್ದರು.

ಇನ್ನು ನನ್ನದೇ ತಪ್ಪನ್ನು ಒಪ್ಪಿಕೊಳ್ಳಬೇಕು. ಮೊದಲ ದಿನ ಬಂದವರು ಮೂರನೆಯ ಸಾಲಿನ ಒಂದು ಚಿತ್ರದ ಕೆಳಗೆ ‘ಬ್ರಿಟಿಷರ ಕಾಲದ ಹಾಯಿಹಡಗು, ಸುಮಾರು 1920’ ಎಂಬ ನನ್ನ ಬರಹವನ್ನು ಓದಿರುತ್ತೀರಿ. ಬಹಳ ಅಭ್ಯಾಸ ಮಾಡಿಯೇ ಹಾಗೆ ಬರೆದಿದ್ದೆ. ಹಾಯಿಹಡಗುಗಳ ಜಾತಿಯನ್ನು ಕೂವೆಮರಗಳಿಂದ ತಿಳಿಯಬೇಕು. ಉತ್ಸವದ ದಿನ ಹಾಯಿಗಳನ್ನು ಸುತ್ತಿ ಕಟ್ಟಿರುವುದರಿಂದ ಕೂವೆಗೆ ಅಡ್ಡಲಾಗಿ ತೂಗುವ ಮರಗಳನ್ನು ಎಣಿಸಬೇಕು. ಮೂರು ಕೂವೆಗಳಿದ್ದು ಮೂರರಲ್ಲೂ ಅಡ್ಡಮರಗಳಿದ್ದರೆ ಅದು ಪೂರ್ಣ ಹಾಯಿಯ ಹಡಗು. ಕೊನೆಯ ಕೂವೆಗೆ ಅಡ್ಡಮರವಿಲ್ಲದೆ ಉದ್ದಹಾಯಿ ಮಾತ್ರ ಇದ್ದರೆ ‘ಬಾರ್ಕ್’. ಮೊದಲ ಕೂವೆಗೆ ಮಾತ್ರ ಅಡ್ಡಮರಗಳಿದ್ದರೆ ‘ಬಾರ್ಕೆಂಟೈನ್’. ಎರಡೇ ಕೂವೆ, ಎರಡರಲ್ಲೂ ಅಡ್ಡಮರ ಎಂದರೆ ‘ಬ್ರಿಗ್’. ನಮ್ಮ ಕರಾವಳಿಯ ಪತ್ತೇಮಾರಿಯ ಕುಲವೇ ಬೇರೆ. ಅದರ ಕೂವೆ ಮುಂದಕ್ಕೆ ವಾಲಿರುತ್ತದೆ, ಹಾಯಿ ಓರೆಯಾಗಿರುತ್ತದೆ. ಇಷ್ಟನ್ನೂ ಓದಿಕೊಂಡು ಆ ಚಿತ್ರದ ಹಡಗು ಬಾರ್ಕ್ ಎಂದು ನಿರ್ಧರಿಸಿದೆ. ಅದು ಸರಿಯಾಗಿಯೇ ಇತ್ತು. ಬಾರ್ಕ್ ಆದ್ದರಿಂದ ಹಳೆಯದು, ಕಪ್ಪು ಬಿಳುಪಾದ್ದರಿಂದ ಇನ್ನೂ ಹಳೆಯದು ಎಂದು ಮುಂದುವರಿದದ್ದೇ ತಪ್ಪಾಯಿತು.

ಮೊದಲ ದಿನ ಸಂಜೆ ಹನ್ನೆರಡು ವರ್ಷದ ಹುಡುಗನೊಬ್ಬ ನನ್ನ ಅಂಗಿಯ ತೋಳು ಹಿಡಿದು, “ಅಂಕಲ್, 1920ರಲ್ಲಿ ರೇಡಾರ್ ಇತ್ತಾ?” ಎಂದು ಕೇಳಿದ. ಅವನು ನೋಡುತ್ತಿದ್ದದ್ದು ಹಾಯಿಹಡಗನ್ನಲ್ಲ. ಅದರ ಪಕ್ಕದಲ್ಲಿದ್ದ ಟಗ್ ದೋಣಿಯನ್ನು. ಎಂದರೆ ದೊಡ್ಡ ಹಡಗುಗಳನ್ನು ಎಳೆದು, ತಳ್ಳಿ, ಧಕ್ಕೆಗೆ ಸೇರಿಸುವ ಪುಟ್ಟ ಯಂತ್ರದೋಣಿಯನ್ನು. ಅದರ ಕೋಣೆಯ ಮೇಲೆ ರೇಡಾರಿನ ಅಡ್ಡಪಟ್ಟಿ, ಒಡಲಿನ ಸುತ್ತ ಸಾಲಾಗಿ ಲಾರಿಯ ಹಳೆಯ ಟಯರುಗಳು. ಭೂತಗನ್ನಡಿ ಹಿಡಿದು ಹಾಯಿಹಡಗಿನ ಹಿಂಬದಿಯನ್ನು ನೋಡಿದರೆ ಅಕ್ಷರಗಳು ಕಂಡವು: ತರಂಗಿಣಿ. ಗೋವಾದ ಹಡಗುಕಟ್ಟೆಯಲ್ಲಿ ತಯಾರಾಗಿ 1997ರ ನವೆಂಬರ್ 11ರಂದು ಭಾರತೀಯ ನೌಕಾಪಡೆಗೆ ಸೇರಿದ, ತರುಣ ನಾವಿಕರ ತರಬೇತಿಯ ಹಡಗು. ಉದ್ದ 54 ಮೀಟರು. 2003-04ರಲ್ಲಿ ಭೂಮಂಡಲವನ್ನೇ ಸುತ್ತಿ ಬಂದದ್ದು. ಅದರದೇ ನಕ್ಷೆಯ ತಂಗಿ ‘ಸುದರ್ಶಿನಿ’ 2012ರಲ್ಲಿ ಸೇವೆಗೆ ಬಂತು. 2016ರಲ್ಲಿ ವಿಶಾಖಪಟ್ಟಣದ ಅಂತರರಾಷ್ಟ್ರೀಯ ನೌಕಾ ಪ್ರದರ್ಶನದಲ್ಲಿ ಎರಡೂ ಇದ್ದವು. ನಮ್ಮ ಸದಸ್ಯರ ಅಳಿಯ ಕೊಚ್ಚಿಯಲ್ಲಿ ನೌಕಾಪಡೆಯಲ್ಲಿದ್ದಾಗ ಹವ್ಯಾಸಕ್ಕಾಗಿ ಕಪ್ಪು ಬಿಳುಪಿನ ಫಿಲ್ಮಿನಲ್ಲಿ ತೆಗೆದ ಚಿತ್ರ, ಅಜ್ಜನ ಆಲ್ಬಮಿಗೆ ಹೇಗೋ ಸೇರಿಕೊಂಡಿತ್ತು. ಎಂಬತ್ತು ವರ್ಷದ ತಪ್ಪನ್ನು ನಾನು ಮಾಡಿದ್ದೆ. ಆ ಹುಡುಗನಿಗೆ ಸಂಘದ ಪರವಾಗಿ ಈ ವೇದಿಕೆಯಿಂದಲೇ ವಂದಿಸುತ್ತೇನೆ.

ಇಂಥ ತಪ್ಪು ನನ್ನೊಬ್ಬನದಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ಕಾರಣವಿದೆ. 1976ರ ಜುಲೈ 4ರಂದು ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷಕ್ಕೆ ನ್ಯೂಯಾರ್ಕ್ ಬಂದರಿನಲ್ಲಿ ಹಲವು ದೇಶಗಳ ಹಾಯಿಹಡಗುಗಳು ಸೇರಿದ್ದವು. ಮುಂದಾಳಾಗಿದ್ದ ‘ಈಗಲ್’ 1936ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಹಡಗು. ಯುದ್ಧ ಮುಗಿದ ಮೇಲೆ ಅಮೆರಿಕದ ಪಾಲಿಗೆ ಬಂತು. ಅದರ ತಂಗಿ, 1937ರದ್ದು, ಬ್ರೆಜಿಲ್‌ಗೆ ಹೋಗಿ, 1961ರ ನಂತರ ಪೋರ್ಚುಗಲ್‌ನ ‘ಸಾಗ್ರೆಸ್’ ಆಯಿತು. ಇನ್ನೊಂದು ಸೋವಿಯತ್ ಒಕ್ಕೂಟದ ‘ತವಾರಿಶ್’ ಆಯಿತು. ಒಡಲು ಒಂದೇ ಮಾದರಿಯದು, ಕೂವೆಗಳೂ ಒಂದೇ ಮಾದರಿಯವು. ಹೆಸರೂ ಬಾವುಟವೂ ಬೇರೆ. ‘ಸಾಗ್ರೆಸ್’ನ ಹಾಯಿಗಳ ಮೇಲಿನ ಶಿಲುಬೆಯ ಗುರುತಿನಂಥ ಹೊರಚಿಹ್ನೆ ಇಲ್ಲದಿದ್ದರೆ ಹಳೆಯ ಚಿತ್ರಗಳಲ್ಲಿ ಇವುಗಳನ್ನು ಬೇರ್ಪಡಿಸುವುದು ಪಳಗಿದವರಿಗೂ ಕಷ್ಟ. ಸುಂದರವಾದ ದೊಡ್ಡ ಹಡಗು ಊರೂರು ತಿರುಗುತ್ತದೆ. ಇಂದು ಇಲ್ಲಿ, ನಾಳೆ ಬೇರೆ ಖಂಡದಲ್ಲಿ. ಅದೊಂದನ್ನೇ ನೋಡಿದರೆ ಚಿತ್ರ ಯಾವ ಊರಿನದು ಎಂದು ಹೇಳಲಾಗದು. ಟಗ್ ದೋಣಿ ಮಾತ್ರ ಸಾಮಾನ್ಯವಾಗಿ ತನ್ನ ಬಂದರನ್ನು ಬಿಟ್ಟು ಹೋಗುವುದಿಲ್ಲ. ಊರನ್ನೂ ಕಾಲವನ್ನೂ ಕೇಳಬೇಕಾದರೆ ಅದನ್ನು ಕೇಳಬೇಕು.

ಈ ದೋಣಿಯ ರಚನೆಯನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಮುಂದಿನ ಮಾತಿಗೆ ಅದು ಬೇಕು. ಉಗಿಯ ಕಾಲದ ಟಗ್ಗಿಗೆ ಎತ್ತರದ ತೆಳ್ಳನೆಯ ಹೊಗೆಕೊಳವೆ. ಡೀಸೆಲ್ ಬಂದ ಮೇಲೆ ಅದು ಗಿಡ್ಡವಾಯಿತು. ಅಣಿಯದಲ್ಲಿ, ಎಂದರೆ ಮೂತಿಯಲ್ಲಿ, ಹಗ್ಗದಿಂದ ಹೆಣೆದ ದಪ್ಪ ಗಡ್ಡ. ಆ ಜಾಗಕ್ಕೆ ಮುಂದೆ ಟಯರು, ರಬ್ಬರು ಬಂದವು. ಹಿಂಬದಿ ನೀರಿಗೆ ತಾಗುವಷ್ಟು ತಗ್ಗು, ಹಗ್ಗ ಓಡಾಡಲು ಬರಿದು. ಹಳೆಯ ಮಾದರಿಯಲ್ಲಿ ಎಳೆಯುವ ಕೊಕ್ಕೆ ಇರುವುದು ತೀರ ಹಿಂದಲ್ಲ, ದೋಣಿಯ ನಡುಭಾಗಕ್ಕೆ ಹತ್ತಿರ. ಹಿಂತುದಿಯಲ್ಲಿ ಕಟ್ಟಿದರೆ ಹಗ್ಗದ ಜಗ್ಗಿಗೆ ದೋಣಿ ಮುಖ ತಿರುಗಿಸಲಾರದು. ನಡುವೆ ಕಟ್ಟುವುದರಲ್ಲಿ ಬೇರೊಂದು ಅಪಾಯವಿದೆ: ಹಡಗು ಅನಿರೀಕ್ಷಿತವಾಗಿ ಪಕ್ಕಕ್ಕೆ ಸರಿದರೆ ಹಗ್ಗ ಅಡ್ಡಲಾಗಿ ಬಿಗಿದು ಕ್ಷಣಮಾತ್ರದಲ್ಲಿ ಟಗ್ಗನ್ನು ಮಗುಚಿಹಾಕುತ್ತದೆ. ಆದ್ದರಿಂದ ಎಳೆಯುವಷ್ಟು ಹೊತ್ತೂ ಕೊಕ್ಕೆಯ ಬಳಿ ಒಬ್ಬ ನಿಂತಿರಬೇಕು. ಅಪಾಯ ಕಂಡೊಡನೆ ಕೊಕ್ಕೆಯನ್ನು ಬಿಚ್ಚಿಬಿಡುವುದು ಅವನ ಹೊಣೆ. ಧಕ್ಕೆಯ ಮೇಲೆ ಬ್ಯಾಂಡು ಬಾರಿಸುತ್ತಿರಲಿ, ಮಂತ್ರಿಗಳು ಮಾತನಾಡುತ್ತಿರಲಿ, ಅವನ ಕಣ್ಣು ಹಗ್ಗದ ಮೇಲೆಯೇ ಇರಬೇಕು.

ನಮ್ಮ ಕಪಾಲೀಶ್ವರ ದೇವಾಲಯದ ಕೊಳದ ತೆಪ್ಪೋತ್ಸವವನ್ನು ನೀವೆಲ್ಲ ಪ್ರತಿವರ್ಷ ನೋಡುತ್ತೀರಿ. ದೀಪಾಲಂಕಾರದ ತೆಪ್ಪ ತಾನಾಗಿ ತೇಲಿಹೋಗುವಂತೆ ಕಾಣುತ್ತದೆ. ಮೆಟ್ಟಿಲಿನ ಮೇಲೆ ಹಗ್ಗ ಹಿಡಿದು ಎಳೆಯುವವರ ಬೆನ್ನುಗಳು ಕತ್ತಲಲ್ಲಿರುತ್ತವೆ. ಬಂದರಿನ ಉತ್ಸವದಲ್ಲೂ ಹೀಗೆಯೇ. ಪತ್ರಿಕೆಯ ಅಡಿಬರಹದಲ್ಲಿ ‘ಎಡದಿಂದ ಬಲಕ್ಕೆ’ ಎಂದು ಗಣ್ಯರ ಹೆಸರುಗಳು ಅಚ್ಚಾಗುತ್ತವೆ. ಆಳುವವರು ಬದಲಾದಾಗ ಆ ಸಾಲಿನ ಹೆಸರುಗಳು ಬದಲಾಗುತ್ತವೆ. 1947ರ ಆಗಸ್ಟಿನಲ್ಲಿ ಬಾವುಟವೇ ಬದಲಾಯಿತು. ಆದರೆ ಹಿಂದಿನ ದಿನ ಹಡಗು ಎಳೆದ ಟಗ್ಗೇ ಮರುದಿನವೂ ಎಳೆಯಿತು, ಕೊಕ್ಕೆಯ ಬಳಿ ನಿಂತವನೂ ಅವನೇ. ಅವನ ಹೆಸರು ಹಿಂದಿನ ಅಡಿಬರಹದಲ್ಲೂ ಇರಲಿಲ್ಲ, ಅನಂತರದ ಅಡಿಬರಹದಲ್ಲೂ ಇಲ್ಲ.

ಈಗ ಏಳನೆಯ ಚಿತ್ರಕ್ಕೆ ಬರುತ್ತೇನೆ. ಅದನ್ನು ಕೊಟ್ಟ ತಾಯಿಯ ಅನುಮತಿ ಪಡೆದು, ಹೆಸರು ಹೇಳದೆ ಮಾತನಾಡುತ್ತಿದ್ದೇನೆ. ಅವರು ಕುಂದಾಪುರದ ಕಡೆಯವರು, ಎಂಬತ್ತು ದಾಟಿದೆ. ಮಗನ ಉದ್ಯೋಗದ ಕಾರಣ ಎರಡು ದಶಕಗಳಿಂದ ಮೈಲಾಪುರದಲ್ಲಿದ್ದಾರೆ. ಕಟ್ಟು ಹಾಕಿಸಿದ ಒಂದು ಚಿತ್ರವನ್ನು ಸೆರಗಿನಲ್ಲಿ ಸುತ್ತಿ ತಂದರು. ಬಾವುಟ ಕಟ್ಟಿದ ಟಗ್ ದೋಣಿ. ಅದರ ನಡುಭಾಗದಲ್ಲಿ, ಕೊಕ್ಕೆಯ ಪಕ್ಕದಲ್ಲಿ, ಸೊಂಟಕ್ಕೆ ಕೈಯಿಟ್ಟು ನಿಂತ ಒಬ್ಬ ತೆಳ್ಳನೆಯ ಯುವಕ. “ಇದು ನನ್ನ ಅಣ್ಣ” ಎಂದರು. ಸ್ವಲ್ಪ ಹೊತ್ತು ಬಿಟ್ಟು ತಮ್ಮ ಊರಿನ ಕನ್ನಡದಲ್ಲಿ ಹೇಳಿದರು: “ಪಣಂಬೂರಿಗ್ ಬಂದವ ಮನಿಗ್ ಬರ್ಲಿಲ್ಲ. ಅಬ್ಬಿ ಬಾಗಿಲ್ ಕಾಂತಾ ಕಾಂತಾ ಹೋಯ್ತ್.”

ಚಿತ್ರದ ಬೆನ್ನಿನಲ್ಲಿ ಅವರ ತಂದೆಯ ಕೈಬರಹ: ‘ಪಣಂಬೂರು ಬಂದರು, ಉದ್ಘಾಟನೆ, 1975’. ಹಿನ್ನೆಲೆ ನಿಮಗೆ ತಿಳಿದದ್ದೇ. ಮಂಗಳೂರಿನ ಉತ್ತರಕ್ಕೆ ಪಣಂಬೂರಿನಲ್ಲಿ ಕಟ್ಟಿದ ನವಮಂಗಳೂರು ಬಂದರು 1974ರ ಮೇ ತಿಂಗಳಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಅದಕ್ಕಾಗಿ ದುಡಿದ ಉಳ್ಳಾಲ ಶ್ರೀನಿವಾಸ ಮಲ್ಯರು ಆ ದಿನವನ್ನು ನೋಡಲು ಇರಲಿಲ್ಲ, 1965ರಲ್ಲಿಯೇ ತೀರಿಕೊಂಡಿದ್ದರು. ಇಡೀ ಕರಾವಳಿಗೆ ಅದು ಹಬ್ಬ. ಈ ತಾಯಿಯ ಮನೆಯಲ್ಲಿ ಆಗ ಅವರ ತಾಯಿ ಹಾಸಿಗೆ ಹಿಡಿದಿದ್ದರು. ಆ ತಿಂಗಳ ಕೊನೆಯಲ್ಲಿ ತೀರಿಕೊಂಡರು. ಮದರಾಸು ಬಂದರಿನಲ್ಲಿ ಟಗ್ ದೋಣಿಯ ಮೇಲೆ ಕೆಲಸಕ್ಕಿದ್ದ ಮಗ ಬರಲಿಲ್ಲ. ಫೆಬ್ರವರಿಯಲ್ಲಿ ಅಂಚೆಯಲ್ಲಿ ಈ ಚಿತ್ರ ಬಂತು, ಜೊತೆಗೆ ಕಾಗದವಿರಲಿಲ್ಲ. ಪತ್ರಿಕೆಗಳಲ್ಲಿ ಪಣಂಬೂರಿನ ಸಂಭ್ರಮವನ್ನು ಓದಿದ್ದ ತಂದೆ, ಬಾವುಟಗಳನ್ನು ನೋಡಿ, ಮಗ ದೋಣಿಯೊಡನೆ ಪಣಂಬೂರಿಗೆ ಬಂದಿದ್ದ ಎಂದು ತೀರ್ಮಾನಿಸಿದರು. ಅರ್ಧ ದಿನದ ದಾರಿಯೂ ಅಲ್ಲದ ಊರಿಗೆ ಬಂದು, ಬಾವುಟದ ಕೆಳಗೆ ನಿಂತು ಚಿತ್ರ ತೆಗೆಸಿಕೊಂಡು, ಸಾಯುವ ತಾಯಿಯ ಮುಖ ನೋಡದೆ ಹೋದ ಮಗ. ಅವನಿಗೆ ಬರೆದ ಕಾಗದದಲ್ಲಿ ತಂದೆ ಇದನ್ನು ಕೇಳಲಿಲ್ಲ. ಕಾಗದ ಬರೆಯುವುದನ್ನೇ ನಿಲ್ಲಿಸಿದರು. ಆತ 1979ರಲ್ಲಿ ಇಲ್ಲಿಯೇ ತೀರಿಕೊಂಡ. ಮನೆಯಲ್ಲಿ ಚಿತ್ರಕ್ಕೆ ಕಟ್ಟು ಹಾಕಿಸಿ ಇಟ್ಟರು. ನೆನಪಿಗೋ ಶಿಕ್ಷೆಗೋ, ಆ ತಾಯಿಯೂ ಹೇಳಲಾರರು.

ಪ್ರತಿ ತೆಗೆಯುವುದಕ್ಕಾಗಿ ನಾನು ಆ ಕಟ್ಟನ್ನು ಬಿಚ್ಚಿದೆ. ದೋಣಿಯ ಹೆಸರು ಸಿಗುತ್ತದೆಯೇ ಎಂದು ನೋಡಿದರೆ, ಹೆಸರಿರಬೇಕಾದ ಜೀವರಕ್ಷಕ ಬಳೆಯ ಮೇಲೆ ಚೆಂಡುಹೂವಿನ ಮಾಲೆ ಹಾಕಿದ್ದರು. ಉತ್ಸವದ ಹೂವೇ ಹೆಸರನ್ನು ಮುಚ್ಚಿತ್ತು. ಆದರೆ ಚಿತ್ರದ ಮೇಲ್ಭಾಗದ ಸುಮಾರು ಎರಡು ಬೆರಳಿನಷ್ಟು ಅಂಚು, ಕಟ್ಟಿನ ಒಳಗಿನ ರಟ್ಟಿನ ಕೆಳಗೆ ಇಷ್ಟು ವರ್ಷ ಅಡಗಿತ್ತು. ರಟ್ಟು ತೆಗೆದಾಗ ಅಲ್ಲಿ ಕಂಡದ್ದನ್ನು ಇಲ್ಲಿರುವ ಯಾರು ಬೇಕಾದರೂ ಗುರುತಿಸಬಲ್ಲರು: ನಮ್ಮ ಹೈಕೋರ್ಟಿನ ಗೋಪುರಗಳು. 1892ರಲ್ಲಿ ತೆರೆದ ಆ ಕಟ್ಟಡದ ಅತಿ ಎತ್ತರದ ಗೋಪುರದಲ್ಲಿ 1894ರಿಂದ ದೀಪಸ್ತಂಭದ ದೀಪವಿತ್ತು. 1977ರಲ್ಲಿ ಮರೀನಾದ ಹೊಸ ದೀಪಸ್ತಂಭ ಬರುವವರೆಗೂ ಹಡಗುಗಳಿಗೆ ಅದೇ ದಾರಿ ತೋರಿಸುತ್ತಿತ್ತು. ಕಡಲಿನಿಂದ ಕಾಣಲೆಂದೇ ಅಷ್ಟು ಎತ್ತರದಲ್ಲಿದ್ದ ಗೋಪುರ. ಅದರ ತುದಿ ಚಿತ್ರದ ನಡುವೆ, ಆ ಯುವಕನ ತಲೆಯ ನೇರಕ್ಕೆ, ಮಸುಕಾಗಿ ನಿಂತಿತ್ತು. ಪಣಂಬೂರಿನದು ಕರಾವಳಿಯ ಮರಳನ್ನು ಅಗೆದು ಒಳನಾಡಿಗೆ ನೀರು ತಂದು ಮಾಡಿದ ಬಂದರು. ಅಲ್ಲಿ ಇಂಥ ಗೋಪುರಗಳಿಲ್ಲ. ಬೆನ್ನಿನ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದಾಗ, ತಂದೆಯ ಅಕ್ಷರಗಳ ಅಡಿಯಲ್ಲಿ ಸ್ಟುಡಿಯೋದ ರಬ್ಬರ್ ಮೊಹರಿನ ಅರ್ಧ ಭಾಗ ಓದಲು ಬಂತು: ‘ಮದ್ರಾಸ್-1’.

ಕಚೇರಿಯಲ್ಲಿ ನಾನು ಕಲಿತ ಒಂದು ಪಾಠವಿದೆ. ಕಾಗದಪತ್ರ ಎಷ್ಟು ಹೇಳುತ್ತದೋ ಅಷ್ಟನ್ನೇ ಬರೆಯಬೇಕು. ಒಂದಕ್ಷರ ಹೆಚ್ಚು ಬರೆದರೆ ಯಾರಿಗೋ ಅನ್ಯಾಯವಾಗುತ್ತದೆ. ಈ ತಾಯಿಯ ಮುಂದೆ ಕುಳಿತಾಗ ಆ ಪಾಠ ಬಹಳ ಭಾರವಾಯಿತು. ‘ನಿಮ್ಮ ಅಣ್ಣ ಪಣಂಬೂರಿಗೆ ಬಂದೇ ಇರಲಿಲ್ಲ’ ಎಂದು ಹೇಳಿಬಿಡುವ ಆಸೆ ನಾಲಗೆಯ ತುದಿಯಲ್ಲಿತ್ತು. ಅಷ್ಟನ್ನು ಆ ಚಿತ್ರ ಹೇಳುವುದಿಲ್ಲ. ಅದು ಮದರಾಸಿನಲ್ಲಿ ತೆಗೆದದ್ದು, ತ್ರಿವರ್ಣ ಧ್ವಜವಿರುವುದರಿಂದ ಸ್ವಾತಂತ್ರ್ಯದ ನಂತರದ್ದು, 1975ರ ಫೆಬ್ರವರಿಗೆ ಮೊದಲಿನದು. ಇಷ್ಟೇ ಅದರ ಸಾಕ್ಷ್ಯ. 1964ರಲ್ಲಿ ಇಲ್ಲಿ ಜವಾಹರ್ ಡಾಕ್ ತೆರೆದಾಗಲೂ ಇಂಥ ಬಾವುಟಗಳಿದ್ದವು. ಬೇರೆ ಹಬ್ಬಗಳಿಗೂ ಇದ್ದವು.

“ಹಂಗಾರೆ ಇದ್ ಪಣಂಬೂರ್ ಅಲ್ದಾ?” ಎಂದು ಕೇಳಿದರು.

“ಅಲ್ಲ ಅಮ್ಮಾ. ಇದು ಮದರಾಸು. ಅವರು ಆಗ ಅಲ್ಲಿಗೆ ಬಂದಿದ್ದರೋ ಇಲ್ಲವೋ ಎಂಬುದಕ್ಕೆ ಈ ಚಿತ್ರ ಸಾಕ್ಷಿಯಲ್ಲ. ಬಂದಿದ್ದರು ಎಂದು ಹೇಳಲು ನಿಮ್ಮ ಬಳಿ ಇದ್ದದ್ದು ಇದೊಂದೇ ಸಾಕ್ಷಿ” ಎಂದೆ.

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ ಅಣ್ಣ ನಿಂತಿರುವ ಜಾಗದಲ್ಲಿ ಆ ಕಬ್ಬಿಣ ಏನು ಎಂದು ಕೇಳಿದರು. ಕೊಕ್ಕೆಯ ವಿಷಯ ಹೇಳಿದೆ. ಅಲ್ಲಿ ನಿಂತವನ ಹೊಣೆ ಹೇಳಿದೆ. “ಹಬ್ಬದ ದಿವ್ಸವೂ ರಜೆ ಇಲ್ಯಾ?” ಎಂದರು. ಹಬ್ಬದ ದಿನ ಹಡಗುಗಳು ಹೆಚ್ಚು ಬರುವುದರಿಂದ ಅಂದೇ ಕೆಲಸ ಹೆಚ್ಚು ಎಂದೆ. ಹೊಸ ಅಡಿಬರಹವನ್ನು ಒಪ್ಪಿದರು. ಹೊರಡುವಾಗ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದರು: “ಹಿಂದೆ ಅಪ್ಪಯ್ಯ ಬರ್ದದ್ದನ್ನ ಅಳ್ಸ್‌ಬೇಡಿ.” ಅಳಿಸಿಲ್ಲ. ಅದು ಚಿತ್ರದ ಚರಿತ್ರೆಯ ಒಂದು ಭಾಗವೇ. ತಂದೆ ದುಃಖದಲ್ಲಿ ಬರೆದರು, ಕೆಡುಕಿನಿಂದಲ್ಲ.

ಬಂಧುಗಳೇ, ಇಂಥ ಚಿತ್ರಗಳು ನಿಮ್ಮ ಮನೆಗಳಲ್ಲಿ ಇನ್ನೂ ಇವೆ. ಅವುಗಳನ್ನು ನೋಡುವಾಗ ನಾನು ತಡವಾಗಿ ಕಲಿತ ಕೆಲವು ಕ್ರಮಗಳನ್ನು ಹೇಳಿ ಮುಗಿಸುತ್ತೇನೆ. ಮೊದಲು ಕಟ್ಟು ಬಿಚ್ಚಿ ನಾಲ್ಕು ಅಂಚುಗಳನ್ನೂ ಬೆನ್ನನ್ನೂ ನೋಡಿ. ಚಿತ್ರ ಕನ್ನಡಿಯಲ್ಲಿನ ಬಿಂಬದಂತೆ ತಿರುಗಿ ಅಚ್ಚಾಗಿದೆಯೇ ಪರೀಕ್ಷಿಸಿ. ಅಕ್ಷರಗಳು ಕಾಣದಿದ್ದರೆ ಹೆಂಗಸರ ಸೆರಗು ಯಾವ ಭುಜದ ಮೇಲಿದೆ, ಗಂಡಸರ ಅಂಗಿಯ ಗುಂಡಿ ಯಾವ ಕಡೆಗಿದೆ ನೋಡಿ. ದೊಡ್ಡ ಹಡಗಿನ ಬಳಿಗೆ ಕೊನೆಗೆ ಹೋಗಿ. ಮೊದಲು ಗೋಡೆ, ಧಕ್ಕೆ, ಗೋಪುರ, ಗುಡ್ಡ, ಟಗ್ಗಿನ ಹೊಗೆಕೊಳವೆ ನೋಡಿ. ಕಡಲತೀರದ ಚಿತ್ರವಾದರೆ ಮರಳಿನ ಅಗಲ ನೋಡಿ. ಬಂದರಿನ ಗೋಡೆಗಳು ಬಂದ ಮೇಲೆಯೇ ಅವುಗಳ ದಕ್ಷಿಣಕ್ಕೆ ಮರಳು ಸೇರಿ ಇಂದಿನ ಮರೀನಾ ಇಷ್ಟು ಅಗಲವಾಯಿತು. ಬೆನ್ನಿನ ಮೇಲಿನ ಹೆಸರುಗಳನ್ನು ಓದುವಾಗ ನಮ್ಮ ಸ್ಥಿತಿಯನ್ನು ನೆನಪಿಡಿ: ತಮಿಳು ಲಿಪಿಯಲ್ಲಿ ಕ-ಗ, ಪ-ಬ ಭೇದವಿಲ್ಲ, ನಮ್ಮವರ ಹೆಸರು ಕನ್ನಡದಿಂದ ತಮಿಳಿಗೆ, ತಮಿಳಿನಿಂದ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಗಂಗೊಳ್ಳಿಯು ಕಂಕೊಳ್ಳಿಯಾಗಿರುತ್ತದೆ. ಕಡೆಯದಾಗಿ, ಇಂದೇ ನಿಮ್ಮ ಚಿತ್ರಗಳ ಬೆನ್ನಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಕನ್ನಡದಲ್ಲಿ, ಊರು, ವರ್ಷ, ಹೆಸರು ಬರೆದಿಡಿ. ಗಣ್ಯರ ಹೆಸರು ಬೇಡ, ಅದನ್ನು ಪತ್ರಿಕೆಯವರು ಬರೆದಿರುತ್ತಾರೆ. ಮೂಲೆಯಲ್ಲಿ ನಿಂತವರ ಹೆಸರು ಬರೆಯಿರಿ. ನಿಮಗೆ ತಿಳಿದದ್ದು ಯಾವುದು, ನೀವು ಊಹಿಸಿದ್ದು ಯಾವುದು ಎಂಬುದನ್ನು ಬೇರೆ ಬೇರೆಯಾಗಿ ಬರೆಯಿರಿ. ಮೊಬೈಲಿನಲ್ಲಿ ಸಾವಿರಗಟ್ಟಲೆ ಚಿತ್ರ ತೆಗೆಯುವ ಮೊಮ್ಮಕ್ಕಳಿಗೂ ಇದನ್ನು ಕಲಿಸಿರಿ.

ಏಳನೆಯ ಚಿತ್ರ ಬಾಗಿಲಿನ ಬಲಗಡೆ ಇದೆ. ಅದರ ಕೆಳಗೆ ಈಗ ಹೀಗೆ ಬರೆದಿದೆ: ‘ಮದರಾಸು ಬಂದರು, 1975ಕ್ಕೆ ಮೊದಲು. ಉತ್ಸವದ ದಿನ ಕೆಲಸದಲ್ಲಿರುವ ಟಗ್ ದೋಣಿ. ಕೊಕ್ಕೆಯ ಬಳಿ ನಿಂತವರು ಕುಂದಾಪುರದ ಕಡೆಯ ಕನ್ನಡಿಗರು.’ ಮನೆಯವರ ಇಚ್ಛೆಯಂತೆ ಅವರ ಹೆಸರನ್ನು ಮೂಲ ಚಿತ್ರದ ಬೆನ್ನಿನಲ್ಲಿ, ತಂದೆಯ ಸಾಲಿನ ಕೆಳಗೆ, ಆ ತಾಯಿಯೇ ತಮ್ಮ ಕೈಯಿಂದ ಬರೆದಿದ್ದಾರೆ. ಹೊರಡುವ ಮೊದಲು ದಯವಿಟ್ಟು ಎಲ್ಲರೂ ಒಮ್ಮೆ ಅಲ್ಲಿ ನಿಂತು ಹೋಗಬೇಕೆಂದು ಕೇಳಿಕೊಳ್ಳುತ್ತೇನೆ.